ರೊಟ್ಟಿಯ ಕಾಳಜಿ, ಒಡವೆಯ ಅನುಮಾನ

ಚರಿತ್ರೆಯ ಪುಸ್ತಕಗಳಲ್ಲಿ ಬೈಜಾಂಟಿಯಂ ಎಂದರೆ ಯುದ್ಧ, ಕಿರೀಟ, ಅರಮನೆಯ ಒಳಸಂಚು. ಆ ಸಾಮ್ರಾಜ್ಯದ ಅಂಗಡಿಬೀದಿಯನ್ನು ನೋಡಬೇಕೆಂದರೆ ‘ಎಪಾರ್ಕನ ಪುಸ್ತಕ’ವನ್ನೇ ಓದಬೇಕು. ಎಪಾರ್ಕ ಎಂದರೆ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ನಗರಾಧಿಕಾರಿ. ಚಕ್ರವರ್ತಿ ಆರನೆಯ ಲಿಯೋನ ಕೊನೆಗಾಲದಲ್ಲಿ, 912ರ ಸುಮಾರಿಗೆ, ಅಲ್ಲಿನ ಕಸುಬುದಾರರಿಗೆ ಹಾಕಿಕೊಟ್ಟ 22 ಅಧ್ಯಾಯಗಳ ಕಟ್ಟಳೆ ಇದು.

ಇದರ ಹೆಚ್ಚುಗಾರಿಕೆ ಇರುವುದು ಸಣ್ಣ ವಿವರಗಳಲ್ಲಿ. ರೊಟ್ಟಿ ಸುಡುವವರನ್ನಾಗಲಿ, ಅವರ ಪ್ರಾಣಿಗಳನ್ನಾಗಲಿ ಸರ್ಕಾರಿ ಚಾಕರಿಗೆ ಎಳೆಯುವಂತಿಲ್ಲ. ಊರಿಗೆ ರೊಟ್ಟಿ ತಪ್ಪಬಾರದು. ದಿನಸಿ ಅಂಗಡಿ ಊರಿನ ಯಾವ ಬೀದಿಯಲ್ಲಾದರೂ ಇರಬಹುದು. ಬೇಕಾದ್ದು ಸುಲಭವಾಗಿ ಸಿಗಬೇಕು. ಮದ್ಯದಂಗಡಿ ರಾತ್ರಿ ಹೊತ್ತಿಗೆ ಸರಿಯಾಗಿ ಮುಚ್ಚಬೇಕು. ಕುಡಿದವರ ಹೊಡೆದಾಟ ಬೇಡ. ಸಂಸಾರ ತೂಗಿಸಿದವರ ಬುದ್ಧಿ ಇದು ಎನ್ನಿಸುತ್ತದೆ.

ಆದರೆ ಅಕ್ಕಸಾಲಿಗರ ಅಧ್ಯಾಯಕ್ಕೆ ಬಂದಾಗ ಮನಸ್ಸು ತಡೆಯುತ್ತದೆ. ಹೆಂಗಸೊಬ್ಬಳು ಚಿನ್ನವನ್ನೋ ಮುತ್ತನ್ನೋ ಮಾರಲು ತಂದರೆ ಎಪಾರ್ಕನಿಗೆ ತಿಳಿಸಬೇಕಂತೆ. ಒಡವೆ ಪರದೇಶದವರ ಪಾಲಾಗಬಾರದಲ್ಲ! ಅವಳು ಏಕೆ ಮಾರಲು ಬಂದಳು? ಗಂಡ ತೀರಿಕೊಂಡನೋ, ಮಗುವಿಗೆ ಕಾಯಿಲೆಯೋ? ಕಟ್ಟಳೆ ಕೇಳುವುದಿಲ್ಲ. ಕಾನೂನಿಗೆ ಅದೆಲ್ಲ ಏಕೆ ಎನ್ನಬಹುದು, ನಿಜ. ಆದರೂ ರೊಟ್ಟಿಯವನ ಪ್ರಾಣಿಯನ್ನೂ ನೆನೆದ ಪುಸ್ತಕ ಒಡವೆ ಕಳಚಿ ತಂದವಳನ್ನು ಅನುಮಾನದಿಂದಷ್ಟೇ ನೋಡಿತಲ್ಲ ಎಂಬುದೇ ನನ್ನ ತಕರಾರು.