ಎಂಐಟಿ ಸೋತ ಮೇಲೆ ಏನಾಯ್ತು?

'ಸ್ಪೇರ್ ಪಾರ್ಟ್ಸ್' (2015) ಸಿನಿಮಾದ ಕಥೆ ಒಂದೇ ಉಸಿರಲ್ಲಿ ಹೇಳಿ ಮುಗಿಸಬಹುದು. ಅಮೆರಿಕದ ಫೀನಿಕ್ಸ್ ನಗರದ ಬಡ ಬಡಾವಣೆಯ ಕಾರ್ಲ್ ಹೇಡನ್ ಹೈಸ್ಕೂಲು. ನಾಲ್ಕು ಹುಡುಗರು. ಚಿಕ್ಕವರಿದ್ದಾಗ ಮೆಕ್ಸಿಕೋದಿಂದ ಬಂದವರು, ವೀಸಾ-ಗೀಸಾ ಏನೂ ಇಲ್ಲ. 2004ರಲ್ಲಿ ಪ್ಲಂಬಿಂಗ್ ಪೈಪು ಅಂಟಿಸಿ ನೀರೊಳಗೆ ಓಡಾಡುವ ರೋಬಾಟ್ ಕಟ್ಟಿ, ಕಾಲೇಜು ಮಟ್ಟದ ಸ್ಪರ್ಧೆಯಲ್ಲಿ ಎಂಐಟಿಯನ್ನು ಎರಡನೇ ಸ್ಥಾನಕ್ಕೆ ತಳ್ಳಿದರು. ಇಷ್ಟೂ ನಿಜವಾಗಿ ನಡೆದದ್ದು.

ನೋಡಿದರೆ ಖುಷಿಯಾಗುತ್ತೆ, ಸುಳ್ಳು ಹೇಳಲ್ಲ. ಸ್ಪರ್ಧೆಯ ಹೊತ್ತಿಗೆ ಸರ್ಕ್ಯೂಟ್ ಇಟ್ಟ ಪೆಟ್ಟಿಗೆ ಸೋರೋಕೆ ಶುರುವಾಗುತ್ತೆ. ನೀರು ಹೀರೋಕೆ ಏನು ಹಾಕೋದು? ಟ್ಯಾಂಪಾನ್! ಹುಡುಗ ಅಂಗಡಿಗೆ ಹೋಗಿ ಮುಜುಗರದಿಂದ ಕೇಳುವ ಆ ದೃಶ್ಯ ಇಡೀ ಚಿತ್ರದಲ್ಲೇ ಚೆನ್ನಾಗಿದೆ. ಕಾಸಿಲ್ಲದ ಮನೆಯಲ್ಲಿ ಬೆಳೆದವರಿಗೆ ಇರುವ ರಿಪೇರಿ ಬುದ್ಧಿ ಇಲ್ಲಿ ಎಂಜಿನಿಯರಿಂಗ್ ಅನ್ನಿಸಿಕೊಳ್ಳುತ್ತೆ.

ಮೇಷ್ಟ್ರ ವಿಷಯಕ್ಕೆ ಬಂದರೆ ನನಗೆ ತಕರಾರಿದೆ. ಚಿತ್ರದಲ್ಲಿ ಜಾರ್ಜ್ ಲೋಪೆಜ್ ಒಬ್ಬ ತಾತ್ಕಾಲಿಕ ಮೇಷ್ಟ್ರು, ಎಲ್ಲಿಂದಲೋ ಬಂದು ಮಕ್ಕಳ ಬದುಕು ಬದಲಿಸುವವನು. ನಿಜದಲ್ಲಿ ಇದ್ದವರು ಇಬ್ಬರು, ಫ್ರೆಡಿ ಲಜ್ವರ್ದಿ ಮತ್ತು ಅಲನ್ ಕ್ಯಾಮರಾನ್. ಆ ಶಾಲೆಯಲ್ಲೇ ಪಾಠ ಮಾಡ್ತಾ, ಈ ಗೆಲುವಿಗೂ ಮೊದಲೇ ರೋಬಾಟಿಕ್ಸ್ ತಂಡ ನಡೆಸ್ತಾ ಇದ್ದವರು. ಇಬ್ಬರನ್ನು ಒಬ್ಬನನ್ನಾಗಿ ಮಾಡಿದ್ದು ಸರಿ, ಸಿನಿಮಾ ತಾನೇ. ಆದರೆ ವರ್ಷಗಟ್ಟಲೆ ಬಾಗಿಲು ತೆರೆದಿಟ್ಟ ಒಂದು ಕೋಣೆಯ ಕಥೆ ಹೀಗೆ ಪವಾಡದ ಕಥೆ ಆಗಿಬಿಟ್ಟಿತು. ನಮ್ಮ ಫ್ರೀಮಾಂಟ್, ಸನ್ನಿವೇಲ್ ನೆಂಟರ ಮಕ್ಕಳಿಗೆ ರೋಬಾಟಿಕ್ಸ್ ಅಂದ್ರೆ ಕಾಲೇಜು ಅರ್ಜಿಯಲ್ಲಿ ಇನ್ನೊಂದು ಸಾಲು. ಇವರಿಗೆ, ನಾಸಾ ಮತ್ತು ನೌಕಾಪಡೆಯವರು ಎದುರು ಕೂತು ಮೋಟಾರು, ಸೆನ್ಸರ್ ಬಗ್ಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಿವಿಗೊಡುವ ಜಾಗ. ಅಂದಹಾಗೆ, ಆ ಹುಡುಗರು ಪವರ್‌ಪಾಯಿಂಟ್ ಇಲ್ಲದೇ ಹೋಗಿದ್ದರು. ವಾರಕ್ಕೆ ನಲವತ್ತು ಸ್ಲೈಡ್ ಮಾಡುವ ನಾವು ಇದನ್ನ ಗಮನಿಸಬೇಕು!

ಇನ್ನೂ ದೊಡ್ಡ ತಕರಾರು, ಚಿತ್ರ ಕಪ್ ಕೈಗೆ ಬಂದಲ್ಲೇ ನಿಂತುಬಿಡುತ್ತೆ. 2006ರಲ್ಲಿ ಅರಿಜೋನಾದ ಮತದಾರರು 'ಪ್ರೊಪೊಸಿಷನ್ 300' ಪಾಸು ಮಾಡಿದರು. ದಾಖಲೆ ಇಲ್ಲದ ವಿದ್ಯಾರ್ಥಿಗಳಿಗೆ ರಾಜ್ಯದೊಳಗಿನ ಕಡಿಮೆ ಫೀಸು ಇಲ್ಲ ಅಂತಾಯ್ತು. ಕ್ರಿಸ್ಟಿಯನ್ ಅರ್ಸೇಗಾ ಅರಿಜೋನಾ ಸ್ಟೇಟ್ ಯೂನಿವರ್ಸಿಟಿ ಬಿಡಬೇಕಾಯ್ತು. ತಂಡದ ನಾಯಕ ಆಸ್ಕರ್ ವಾಸ್ಕೆಜ್ 2009ರಲ್ಲಿ ಅಲ್ಲೇ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಕಾನೂನು ಪ್ರಕಾರವೇ ವಾಪಸು ಬರೋಣ ಅಂತ ತಾನಾಗಿ ಮೆಕ್ಸಿಕೋಗೆ ಹೋದ. ಹತ್ತು ವರ್ಷ ಬರಕೂಡದು ಅಂದರು. ಸೆನೆಟರ್ ಡಿಕ್ ಡರ್ಬಿನ್ ಅವನ ಪರ ಮಾತಾಡಿದ ಮೇಲೆ, 2010ರಲ್ಲಿ ವಿನಾಯಿತಿ ಸಿಕ್ಕಿತು. ಬಂದವನೇ ಸೈನ್ಯ ಸೇರಿ ಅಫ್ಘಾನಿಸ್ತಾನಕ್ಕೆ ಹೋದ.

ನಿಜವಾದ ಸಿನಿಮಾ ಇದೇ ಅಲ್ವಾ? ರೋಬಾಟಿಕ್ಸ್ ಕೋಣೆ ಕೊಡಬೇಕಾದ್ದೆಲ್ಲ ಕೊಟ್ಟಿತ್ತು. ಆಚೆ ಬಾಗಿಲು ಹಾಕಿದವರು ಬೇರೆಯವರು, ಅವರಿಗೆ ಈ ಚಿತ್ರದಲ್ಲಿ ಪಾತ್ರವೇ ಇಲ್ಲ.

ಹಾಗಾಗಿ 'ಸ್ಪೇರ್ ಪಾರ್ಟ್ಸ್' ಜೊತೆ ಮೇರಿ ಮಜಿಯೋ ಅವರ 2014ರ ಸಾಕ್ಷ್ಯಚಿತ್ರ 'ಅಂಡರ್‌ವಾಟರ್ ಡ್ರೀಮ್ಸ್' ಕೂಡ ನೋಡಿ. ಗೆದ್ದವರನ್ನೂ ಸೋತ ಎಂಐಟಿಯವರನ್ನೂ ಅದು ವರ್ಷಗಳಾದ ಮೇಲೆ ಮತ್ತೆ ಎದುರುಬದುರು ತರುತ್ತೆ. ಯಾರು ಎಲ್ಲಿ ತಲುಪಿದ್ದಾರೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.