ಪ್ರಳಯದ ಸಿನಿಮಾಕ್ಕೆ ಪಾಟೀಸವಾಲು

2012ರ ಡಿಸೆಂಬರ್ 21ರಂದು ಜಗತ್ತು ಕೊನೆಗೊಳ್ಳುತ್ತದೆ ಎಂಬ ಗುಲ್ಲು ನಿಮಗೆ ನೆನಪಿರಬಹುದು. ಅದನ್ನೇ ಬಂಡವಾಳ ಮಾಡಿಕೊಂಡ ಚಿತ್ರಗಳಲ್ಲಿ ‘2012 ಡೂಮ್ಸ್‌ಡೇ’ ಒಂದು. ಕಡಿಮೆ ವೆಚ್ಚದ ಚಿತ್ರಗಳಿಗೆ ಹೆಸರಾದ ಅಮೆರಿಕದ ‘ದಿ ಅಸೈಲಮ್’ ಸಂಸ್ಥೆ ಇದನ್ನು 2008ರಲ್ಲಿ ಹೊರತಂದಿತು. ನಿರ್ದೇಶಕ ನಿಕ್ ಎವರ್‌ಹಾರ್ಟ್. ಆ ದಿನ ನಾಲ್ವರು ಅಪರಿಚಿತರು ಮೆಕ್ಸಿಕೋದ ಪುರಾತನ ದೇಗುಲವೊಂದರತ್ತ ಹೊರಡುವುದೇ ಕಥೆ. ಚಿತ್ರ ಹೆಚ್ಚಿನವರಿಗೆ ಹಿಡಿಸಲಿಲ್ಲ.

ವೆಚ್ಚ ಕಡಿಮೆ ಎಂಬುದು ದೋಷವಲ್ಲ. ಕೆನಡಾದ ಡಾನ್ ಮೆಕೆಲ್ಲರ್ 1998ರಲ್ಲಿ ತೆಗೆದ ‘ಲಾಸ್ಟ್ ನೈಟ್’ ಕೂಡ ಸಣ್ಣ ಚಿತ್ರವೇ. ಜಗತ್ತು ಏಕೆ ಮುಗಿಯುತ್ತಿದೆ ಎಂದು ಅದು ಹೇಳುವುದೇ ಇಲ್ಲ. ಉಳಿದ ಕೆಲವು ಗಂಟೆಗಳನ್ನು ಜನ ಹೇಗೆ ಕಳೆಯುತ್ತಾರೆ ಎಂಬುದನ್ನಷ್ಟೇ ತೋರಿಸುತ್ತದೆ. ಅಂಥ ಚಿತ್ರದ ಬಳಿ ನಾವು ಲೆಕ್ಕ ಕೇಳುವುದಿಲ್ಲ. ‘ಡೂಮ್ಸ್‌ಡೇ’ ಹಾಗಲ್ಲ. ಅದು ಮಾಯಾ ಕ್ಯಾಲೆಂಡರನ್ನೂ ನಾಸಾ ವಿಜ್ಞಾನಿಗಳನ್ನೂ ಸಾಕ್ಷಿಗೆ ಕರೆಯುತ್ತದೆ. ಸಾಕ್ಷಿ ಕರೆದವರು ಪಾಟೀಸವಾಲನ್ನು ಎದುರಿಸಲೇಬೇಕು.

ಮೊದಲ ಸಾಕ್ಷಿ ಕ್ಯಾಲೆಂಡರ್. ಮಾಯಾ ಜನರ ದೀರ್ಘಗಣನೆಯಲ್ಲಿ 1,44,000 ದಿನಗಳಿಗೆ ಒಂದು ಬಕ್ತೂನ್. 13 ಬಕ್ತೂನ್ ಎಂದರೆ 18,72,000 ದಿನ, ಸುಮಾರು 5,125 ವರ್ಷ. 2012ರಲ್ಲಿ ಪೂರ್ಣಗೊಂಡದ್ದು ಈ ಸುತ್ತು. ನಮ್ಮಲ್ಲಿ 60 ಸಂವತ್ಸರಗಳ ಕೊನೆಯ ‘ಅಕ್ಷಯ’ ಮುಗಿದರೆ ಮತ್ತೆ ‘ಪ್ರಭವ’ ಬರುತ್ತದೆ. ಆ ಯುಗಾದಿಯಂದು ಪ್ರಳಯವಾಗುವುದೆಂದು ಯಾರೂ ಹೆದರುವುದಿಲ್ಲ. ಅದು ಮಾಯಾ ಜನರು ದಾಖಲಿಸಿದ ಕಟ್ಟಕಡೆಯ ದಿನ ಎಂಬ ಮಾತೂ ಸುಳ್ಳು. ಮೆಕ್ಸಿಕೋದ ಪಲೆಂಕೆಯ ಶಾಸನವೊಂದು ಕ್ರಿ.ಶ. 4772ರ ದಿನಾಂಕವನ್ನು ಹೇಳುತ್ತದೆ.

ಎರಡನೆಯ ಸಾಕ್ಷಿ ಧ್ರುವ ಪಲ್ಲಟ. ಭೂಮಿಗೆ ಭೌಗೋಳಿಕ ಧ್ರುವ ಬೇರೆ, ಕಾಂತಧ್ರುವ ಬೇರೆ. ಪಲ್ಲಟದ ಗುಲ್ಲು ಬೆಳೆದದ್ದೇ ಇವೆರಡನ್ನೂ ಬೆರೆಸಿದ್ದರಿಂದ. ಭೂಮಿಯ ಅಕ್ಷದ ಓರೆ ಸುಮಾರು 22.1ರಿಂದ 24.5 ಡಿಗ್ರಿಗಳ ನಡುವೆ ಬದಲಾಗುತ್ತದೆ, ನಿಜ. ಆದರೆ ಆ ಒಂದು ಆವರ್ತಕ್ಕೆ ಸುಮಾರು 41,000 ವರ್ಷ ಬೇಕು. ತಿರುಗುತ್ತಿರುವ ಇಷ್ಟು ದೊಡ್ಡ ಗೋಳದ ಕೋನೀಯ ಸಂವೇಗವನ್ನು ಒಂದು ದಿನದಲ್ಲಿ ಬದಲಿಸಬಲ್ಲ ಬಲ ನಮ್ಮ ಸುತ್ತಮುತ್ತ ಎಲ್ಲೂ ಇಲ್ಲ.

ಕಾಂತಧ್ರುವಗಳು ಅದಲುಬದಲಾಗುವುದೂ ನಿಜವೇ. ಕೊನೆಯ ಬಾರಿ ಹಾಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಈ ಬದಲಾವಣೆ ಸಾವಿರಾರು ವರ್ಷ ಹಿಡಿಯುತ್ತದೆ. ಲಾವಾ ತಣ್ಣಗಾಗುವಾಗ ಅದರಲ್ಲಿರುವ ಕಬ್ಬಿಣಯುಕ್ತ ಖನಿಜಗಳು ಆಗಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳವರೆಗೂ ಹರಡಿರುವ, ಸುಮಾರು 6.6 ಕೋಟಿ ವರ್ಷ ಹಳೆಯ ದಖನ್ ಲಾವಾ ಸ್ತರಗಳಲ್ಲೂ ಇಂಥ ಅದಲುಬದಲಿನ ಗುರುತುಗಳಿವೆ. ಆ ಬಳಿಕ ಕಾಂತಧ್ರುವಗಳು ಎಷ್ಟೋ ಬಾರಿ ತಿರುಗಿವೆ, ಜೀವಸಂಕುಲ ಉಳಿದಿದೆ.

ಅಗ್ಗದ ಸಿನಿಮಾ ಒಂದಕ್ಕೆ ಇಷ್ಟು ಮಾತೇಕೆ ಎನ್ನುತ್ತೀರಾ? ನಾಸಾದ ಖಗೋಳ ವಿಜ್ಞಾನಿ ಡೇವಿಡ್ ಮಾರಿಸನ್ ಅವರಿಗೆ 2012ರ ಪ್ರಳಯದ ಬಗ್ಗೆ ಸಾವಿರಾರು ಪ್ರಶ್ನೆಗಳು ಬಂದಿದ್ದವು. ಊಟ, ನಿದ್ದೆ ಬಿಟ್ಟ ಮಕ್ಕಳು, ಆತ್ಮಹತ್ಯೆಯ ಮಾತೆತ್ತಿದ ಹದಿಹರೆಯದವರು ಅವರಿಗೆ ಬರೆದಿದ್ದರು. ಇದಕ್ಕೆಲ್ಲ ಈ ಒಂದೇ ಚಿತ್ರ ಕಾರಣವೆನ್ನಲಾಗದು. ಪುಸ್ತಕಗಳು, ಟಿ.ವಿ. ಕಾರ್ಯಕ್ರಮಗಳು, 2009ರಲ್ಲಿ ಬಂದ ರೋಲಂಡ್ ಎಮರಿಕ್ ಅವರ ಭಾರಿ ವೆಚ್ಚದ ‘2012’ ಚಿತ್ರ, ಎಲ್ಲವೂ ಆ ಭಯಕ್ಕೆ ಗಾಳಿ ಹಾಕಿದವು. ಆದರೆ ವಿಜ್ಞಾನಿಗಳು ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸುವ ಚಿತ್ರ, ಆ ಮಕ್ಕಳು ಯಾರನ್ನು ಕೇಳಿ ಧೈರ್ಯ ತಂದುಕೊಳ್ಳಬೇಕಿತ್ತೋ ಅವರ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ. ಬಡ ಗ್ರಾಫಿಕ್ಸ್ ಅನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸುವುದು ಕಷ್ಟ.

2012 ಕಳೆದುಹೋಯಿತು. ಪ್ರಳಯದ ಚಿತ್ರಗಳು ಇನ್ನೂ ಬರುತ್ತವೆ. ಧಾರಾಳವಾಗಿ ನೋಡಿ. ತೆರೆಯ ಮೇಲಿನ ವಿಜ್ಞಾನಿ ಲೋಕಾಂತ್ಯದ ದಿನಾಂಕ ಹೇಳಿದಾಗ, ಎಷ್ಟು ಬಲ, ಎಷ್ಟು ಕಾಲ, ಅಳೆದವರು ಯಾರು ಎಂದು ಪಕ್ಕದಲ್ಲಿ ಕುಳಿತ ಮಕ್ಕಳೊಡನೆ ಕೇಳಿನೋಡಿ.