ಅಡುಗೆಮನೆಯ ಆರಾಧನೆ: ‘ದೇವಸಾನ್ನಿಧ್ಯದ ಅಭ್ಯಾಸ’ವನ್ನು ಕುರಿತು

ದೇವರ ಸೇವೆ ಎಂದೊಡನೆ ನಮ್ಮ ಕ್ರೈಸ್ತಸಭೆಗಳಲ್ಲಿ ಸಾಧಾರಣವಾಗಿ ನೆನಪಿಗೆ ಬರುವವು ಉಪದೇಶಪೀಠ, ಗಾಯಕವೃಂದ, ಭಾನುವಾರದ ಶಾಲೆ, ಹಿರಿಯರ ಕಮಿಟಿ ಇವೇ. ಆರಾಧನೆ ಮುಗಿದ ಮೇಲೆ ಬೆಂಚುಗಳನ್ನು ಸಾಲಾಗಿ ಸರಿಪಡಿಸುವವನನ್ನೂ, ಸುಗ್ಗಿಹಬ್ಬದ ಊಟವಾದ ಮೇಲೆ ಹಂಡೆ ತಿಕ್ಕಲು ಕುಳಿತವಳನ್ನೂ ಆ ಪಟ್ಟಿಯಲ್ಲಿ ಸೇರಿಸುವ ವಾಡಿಕೆ ನಮಗಿಲ್ಲ. ಈ ಮೇಲುಕೀಳಿನ ಎಣಿಕೆಯನ್ನು ಬುಡಸಹಿತ ಅಲುಗಿಸಿದ ಕಿರುಹೊತ್ತಗೆಯೊಂದು ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಹುಟ್ಟಿತು. ಕಥೋಲಿಕ ಮಠದ ಕೃತಿಯಾದರೂ ಜಾನ್ ವೆಸ್ಲಿಯಂಥ ಪ್ರಾಟೆಸ್ಟೆಂಟ್ ಗುರುವು ಅದರ ಭಾಗಗಳನ್ನು ತನ್ನ ಗ್ರಂಥಮಾಲೆಯಲ್ಲಿ ಸೇರಿಸಿಕೊಂಡನು. ಇಂದಿಗೂ ಭಕ್ತರು ಅದನ್ನು ಓದುತ್ತಲೇ ಇದ್ದಾರೆ. ಇಷ್ಟು ಪ್ರಿಯವಾದ ಗ್ರಂಥವನ್ನು ಕೊಂಡಾಡುವುದು ಸುಲಭ. ಅದು ಏನನ್ನು ಕೊಡುತ್ತದೆ, ಏನನ್ನು ಕೊಡದೆ ಬಿಡುತ್ತದೆ ಎಂದು ಒರೆಹಚ್ಚಿ ನೋಡುವುದೇ ಅವಶ್ಯವಾದ ಕಾರ್ಯ.

ಗ್ರಂಥದ ನಾಯಕನಾದ ಸೋದರ ಲಾರೆನ್ಸನು ಲೊರೇನ್ ಪ್ರಾಂತದ ಬಡಕುಟುಂಬದವನು. ಪೂರ್ವಾಶ್ರಮದ ಹೆಸರು ನಿಕೊಲಾ ಹೆರ್ಮಾನ್. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡು ಕಾಲು ಕುಂಟಾಯಿತು. ಆಮೇಲೆ ಧನಿಕನೊಬ್ಬನ ಮನೆಯಲ್ಲಿ ಆಳಾಗಿದ್ದು, ಕೈಗೆ ಸಿಕ್ಕಿದುದನ್ನೆಲ್ಲ ಒಡೆಯುವ ಒಡ್ಡನೆಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುವಂತಾಯಿತು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿದಾಗ ಅವನಿಗೆ ದೊರೆತದ್ದು ಗುರುದೀಕ್ಷೆಯಲ್ಲ, ಸೇವಕಸೋದರನ ಸ್ಥಾನ: ವರ್ಷಾನುಗಟ್ಟಲೆ ಅಡುಗೆಮನೆ, ವಯಸ್ಸಾದ ಮೇಲೆ ಪಾದರಕ್ಷೆ ಹೊಲಿಯುವ ಕೆಲಸ. 1691ರಲ್ಲಿ ಅವನು ತೀರಿಕೊಂಡ ತರುವಾಯ, ಜೋಸೆಫ್ ದ ಬೊಫೋರ್ ಎಂಬ ಪಾದ್ರಿಯು 1666ರಿಂದ ಅವನೊಡನೆ ತಾನು ನಡೆಸಿದ್ದ ಸಂಭಾಷಣೆಗಳ ಟಿಪ್ಪಣಿಗಳನ್ನೂ ಅವನ ಪತ್ರಗಳನ್ನೂ ಕಲೆಹಾಕಿ ಪ್ರಕಟಿಸಿದನು.

ಈ ಗ್ರಂಥವನ್ನು ಮೆಚ್ಚುವವರಲ್ಲಿ ಬಹುಮಂದಿ, ಲಾರೆನ್ಸನಿಗೆ ಅಡುಗೆಯ ಕೆಲಸ ಸಹಜವಾಗಿಯೇ ಸವಿಯಾಗಿತ್ತೆಂದು ಭಾವಿಸುತ್ತಾರೆ. ಗ್ರಂಥವು ಹೇಳುವುದು ಇದಕ್ಕೆ ತೀರ ವಿರುದ್ಧ. ಅಡುಗೆಮನೆಯೆಂದರೆ ಅವನಿಗೆ ಸ್ವಭಾವತಃ ಜಿಗುಪ್ಸೆ. ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಹೋಗಬೇಕಾಗಿ ಬಂದಾಗ, ವ್ಯವಹಾರಜ್ಞಾನವಿಲ್ಲದ ಈ ಕುಂಟನು ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಸರಿಯಬೇಕಾಯಿತು. ಆದರೂ, ಇದು ನಿನ್ನ ಕೆಲಸವೆಂದು ದೇವರಿಗೆ ಒಪ್ಪಿಸಿ ಹೊರಟವನಿಗೆ ಕಾರ್ಯವು ನೆಟ್ಟಗೇ ಮುಗಿಯಿತು. ಮಠವಾಸದ ಮೊದಲ ಹತ್ತು ವರ್ಷ ತಾನು ಪಟ್ಟ ಅಂತಸ್ತಾಪವನ್ನೂ ಅವನು ಮುಚ್ಚಿಡುವುದಿಲ್ಲ. ಆದುದರಿಂದ ಪೂರ್ಣಹೃದಯದ ಸೇವೆಯೆಂಬುದು ಉತ್ಸಾಹದ ಉಬ್ಬರವಲ್ಲ, ಒಲ್ಲದ ಕೆಲಸದಲ್ಲಿಯೂ ಚಿತ್ತವನ್ನು ಮತ್ತೆ ಮತ್ತೆ ದೇವರ ಕಡೆಗೆ ತಿರುಗಿಸುವ ದೀರ್ಘಾಭ್ಯಾಸ ಎಂಬ ತತ್ತ್ವವು ಇಲ್ಲಿ ಉಪದೇಶವಾಗಿ ಅಲ್ಲ, ಅನುಭವವಾಗಿ ನಿಲ್ಲುತ್ತದೆ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಗುಚುವುದನ್ನೂ ಅವನು ದೇವಪ್ರೀತ್ಯರ್ಥವಾಗಿಯೇ ಮಾಡುವನು. ನಿಯಮಿತ ಪ್ರಾರ್ಥನೆಯ ಹೊತ್ತಿಗೂ ದುಡಿಮೆಯ ಹೊತ್ತಿಗೂ ಅವನಲ್ಲಿ ಭೇದವಿಲ್ಲ. ತಪ್ಪಿದಾಗ ತಪ್ಪನ್ನೊಪ್ಪಿ, ಅದನ್ನೇ ಕೊರಗುತ್ತ ಕೂರದೆ ಕೆಲಸಕ್ಕೆ ಮರಳುವ ಅವನ ರೀತಿಯಂತೂ, ಸಭಾಕಾರ್ಯದಲ್ಲಿ ತೊಡಗಿ ಸಣ್ಣ ಸೋಲಿಗೇ ಮುನಿದು ಮನೆಯಲ್ಲಿ ಕೂರುವವರೆಲ್ಲರೂ ಕಲಿಯತಕ್ಕದ್ದು.

ಆದರೆ ಗ್ರಂಥದ ಮಿತಿಯೂ ಇಲ್ಲಿಂದಲೇ ಆರಂಭವಾಗುತ್ತದೆ. ಒಂದೇ ಮಾತು ಪತ್ರದಿಂದ ಪತ್ರಕ್ಕೆ ಮರುಕಳಿಸುವುದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಅಚ್ಚಿಗೆಂದು ಬರೆಯದವನ ಬರವಣಿಗೆಯಲ್ಲಿ ಅದು ಸಹಜ. ಗಂಭೀರವಾದ ಕೊರತೆ ಬೇರೆ. ಆ ಮೊಟ್ಟೆಯ ದೋಸೆಯನ್ನು ಉಂಡವರು ಯಾರು? ಅವನ ಮಗ್ಗುಲಲ್ಲಿ ಸೌದೆ ಒಟ್ಟಿದವರು ಯಾರು? ಸಂಭಾಷಣೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ದೇವರು ಮತ್ತು ಅಡುಗೆಯವನು, ಇಬ್ಬರೇ ಅಲ್ಲಿ ಇರುವರು. ನೆರೆಯವನು ಬಹುಮಟ್ಟಿಗೆ ತೆರೆಯ ಮರೆಯಲ್ಲಿದ್ದಾನೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಾತ್ರೆ ತೊಳೆಯುವವನ ತೃಪ್ತಿಯನ್ನು ಲೋಕಕ್ಕೆ ಸಾರಿದವನು ಪಾತ್ರೆ ತೊಳೆಯುವ ಅಗತ್ಯವಿಲ್ಲದ, ಮುಂದೆ ಚರ್ಚಿನ ಉನ್ನತಾಧಿಕಾರವನ್ನು ಪಡೆದ ಪಾದ್ರಿ. ಇದರಿಂದ ಬೊಫೋರನ ಪ್ರಾಮಾಣಿಕತೆಗೆ ಕುಂದಿಲ್ಲ. ಆದರೆ ಕೆಳಗಿನವನ ಸಂತೋಷವನ್ನು ಮೇಲಿನವನು ಹೊಗಳುವಾಗ, ಅವನು ಕೆಳಗೇ ಇರಲೆಂಬ ಆಶಯವು ಓದುಗರ ಮನಸ್ಸಿನೊಳಕ್ಕೆ ನುಸುಳುವುದು ಬಹು ಸುಲಭ.

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯವು ಈ ಅಪಾಯವನ್ನು ಅರಿಯಲು ಸಹಾಯಕವಾಗಿದೆ. ಮನುಷ್ಯರಿಗೆಂದಲ್ಲ, ಕರ್ತನಿಗೆಂದೇ ಮನಃಪೂರ್ವಕವಾಗಿ ದುಡಿಯಬೇಕೆಂಬ ಅಲ್ಲಿಯ ಬೋಧೆಯನ್ನು ನಾವು ಸಭೆಯ ಕಾರ್ಯಕರ್ತರಿಗೆಲ್ಲ ಹೇಳುತ್ತೇವೆ. ಅದನ್ನು ಮೊದಲು ಕೇಳಿಸಿಕೊಂಡವರು ದಾಸರು ಎಂಬುದನ್ನು ಮರೆಯುತ್ತೇವೆ. ದಾಸರಿಗೆ ಹೇಳಿದ ಬೆನ್ನಿಗೇ, ನಾಲ್ಕನೆಯ ಅಧ್ಯಾಯದ ಮೊದಲ ವಚನದಲ್ಲಿಯೇ, ಪತ್ರಿಕೆಯು ಯಜಮಾನರ ಕಡೆಗೆ ತಿರುಗಿ, ನಿಮಗೂ ಒಬ್ಬ ಒಡೆಯನು ಪರಲೋಕದಲ್ಲಿದ್ದಾನೆ, ದಾಸರಿಗೆ ನ್ಯಾಯವಾದುದನ್ನು ಸಲ್ಲಿಸಿರಿ ಎಂದು ಎಚ್ಚರಿಸುತ್ತದೆ. ಲಾರೆನ್ಸನ ಗ್ರಂಥದಲ್ಲಿ ಪೂರ್ವಾರ್ಧವು ಅನುಪಮವಾಗಿ ಬೆಳಗಿದೆ. ಉತ್ತರಾರ್ಧವು ಇಲ್ಲವೇ ಇಲ್ಲ. ಪೂರ್ವಾರ್ಧವನ್ನು ಮಾತ್ರ ಓದುವ ಸಭೆಯಲ್ಲಿ, ದೇವಾಲಯ ಗುಡಿಸುವವನ ಸಂಬಳದ ಪ್ರಶ್ನೆ ಬಂದಾಗಲೆಲ್ಲ ‘ಇದು ದೇವರ ಸೇವೆಯಲ್ಲವೆ?’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ.

ಆದಕಾರಣ ಈ ಹೊತ್ತಗೆಯನ್ನು ದೂರವಿಡಬೇಕೆಂದು ನಾನು ಹೇಳುವವನಲ್ಲ. ಸಭಾಕಾರ್ಯದ ಗಡಿಬಿಡಿಯಲ್ಲಿ ಸಭೆಯ ಒಡೆಯನನ್ನೇ ಮರೆಯುವ ನಮ್ಮ ಕಾಲದ ರೋಗಕ್ಕೆ ಇದು ಒಳ್ಳೆಯ ಮದ್ದು. ಆದರೆ ಇದನ್ನು ಕುಶಿನಿಯವನ ಕೈಗಿಟ್ಟು ಸಮಾಧಾನ ಹೇಳುವ ಮೊದಲು ಕಮಿಟಿಯ ಹಿರಿಯರು ತಾವು ಓದಲಿ. ಓದಿ, ತಮ್ಮ ಕೈಕೆಲಸಗಳಲ್ಲಿ ಯಾವುದನ್ನು ಯಾರೂ ನೋಡದಿದ್ದರೂ ಮಾಡುತ್ತಿದ್ದೆವೆಂದು ಲೆಕ್ಕ ಹಾಕಲಿ. ಆ ಲೆಕ್ಕ ಮುಗಿದ ಮೇಲೆ ಸಂಬಳದ ಪುಸ್ತಕವನ್ನೂ ತೆರೆಯಲಿ.